ಮರೆವಿನ ಕಾಯಿಲೆ: ಮಿದುಳಿನ ಚಿತ್ರದಿಂದ ಮುಂದಿನದನ್ನು ತಿಳಿಯಬಹುದೆ?



ಕುಟುಂಬ ಕಲ್ಯಾಣವೆಂದೊಡನೆ ಮಕ್ಕಳ ನಡುವಿನ ಅಂತರ, ಗರ್ಭಿಣಿಯ ಆರೈಕೆ, ಮಗುವಿನ ಲಸಿಕೆ ಮುಂತಾದವು ನಿಮ್ಮ ಮನಸ್ಸಿಗೆ ಬರುವುದು ಸಹಜ. ಆದರೆ ಒಂದು ಮನೆಯ ಸೂರಿನಡಿಯಲ್ಲಿ ತೊಟ್ಟಿಲ ಕೂಸಿನಂತೆಯೇ ಮುಪ್ಪಿನ ತಂದೆತಾಯಿಯರೂ ಇರುತ್ತಾರೆ. ಅವರ ಯೋಗಕ್ಷೇಮವೂ ಕುಟುಂಬ ಕಲ್ಯಾಣದ ಒಂದು ಅಂಗವೇ ಆಗಿದೆ.

2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿದ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ ಮತ್ತು ಹರಪನಹಳ್ಳಿ ತಾಲ್ಲೂಕುಗಳ ಜನರು ಆಸ್ಪತ್ರೆಗೆ ಬಂದಾಗ ಈಚೆಗೆ ಒಂದು ಪ್ರಶ್ನೆಯನ್ನು ಕೇಳುವುದುಂಟು. "ಡಾಕ್ಟರೇ, ನಮ್ಮ ಅವ್ವನಿಗೆ ಮರೆವು ಬಹಳವಾಗಿದೆ. ತಲೆಯ ಸ್ಕ್ಯಾನಿಂಗ್ ಮಾಡಿಸಿದರೆ ಮುಂದೆ ಹೇಗಾಗುತ್ತಾಳೆಂದು ಗೊತ್ತಾಗುತ್ತದಂತೆ, ನಿಜವೇ?" ಹೀಗೆ ಕೇಳುವವರಲ್ಲಿ ಕೆಲವರು ಆ ಪರೀಕ್ಷೆಗಾಗಿ ಎಮ್ಮೆಯನ್ನು ಮಾರಲೂ ಸಿದ್ಧರಿರುತ್ತಾರೆ. ಇನ್ನು ಕೆಲವರು "ಅರವತ್ತಕ್ಕೆ ಅರಳುಮರಳು, ಇದಕ್ಕೆ ಔಷಧವೇನು?" ಎಂದು ಹಿರಿಯರನ್ನು ಆಸ್ಪತ್ರೆಗೆ ಕರೆತರುವುದೇ ಇಲ್ಲ. ಈ ಎರಡು ನಡೆಗಳೂ ಸರಿಯಲ್ಲ. ಮಿದುಳಿನ ಚಿತ್ರವು ಏನನ್ನು ಹೇಳಬಲ್ಲದು, ಏನನ್ನು ಹೇಳಲಾರದು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಮರೆವು ಬೇರೆ, ಮರೆವಿನ ಕಾಯಿಲೆ ಬೇರೆ

ವಯಸ್ಸಾದಂತೆ ಎಲ್ಲರಿಗೂ ಸ್ವಲ್ಪ ಮರೆವು ಬರುತ್ತದೆ. ಕನ್ನಡಕ ಎಲ್ಲಿಟ್ಟೆನೆಂದು ಹುಡುಕುವುದು, ಪರಿಚಿತರ ಹೆಸರು ತಟ್ಟನೆ ನೆನಪಾಗದೆ ಸ್ವಲ್ಪ ಹೊತ್ತಿನ ಮೇಲೆ ಹೊಳೆಯುವುದು, ಇವು ರೋಗವಲ್ಲ. ಆದರೆ ಊಟ ಮಾಡಿ ಕೈ ತೊಳೆದ ಹತ್ತು ನಿಮಿಷದಲ್ಲೇ "ನನಗೆ ಊಟವನ್ನೇ ಹಾಕಲಿಲ್ಲ" ಎನ್ನುವುದು, ನಲವತ್ತು ವರ್ಷ ನಡೆದಾಡಿದ ಹೊಲದ ದಾರಿಯನ್ನು ತಪ್ಪುವುದು, ಸಂತೆಯಲ್ಲಿ ಚಿಲ್ಲರೆ ಎಣಿಸಲಾಗದೆ ನಿಲ್ಲುವುದು, ರೊಟ್ಟಿ ಬಡಿಯುವ ಕ್ರಮವೇ ತೋಚದಿರುವುದು, ಇವು ರೋಗದ ಸೂಚನೆಗಳಾಗಿರಬಹುದು. ದಿನನಿತ್ಯದ ಬಾಳ್ವೆಗೆ ಅಡ್ಡಿಯಾಗುವಷ್ಟು ಬುದ್ಧಿಶಕ್ತಿ ಕುಗ್ಗಿದರೆ ಅದನ್ನು ಡಿಮೆನ್ಷಿಯ ಎನ್ನುತ್ತಾರೆ. ಅದರ ಕಾರಣಗಳಲ್ಲಿ ಮುಖ್ಯವಾದುದು ಅಲ್ಜೈಮರ್ ಕಾಯಿಲೆ.

ಇದು ಪಟ್ಟಣದವರ, ಓದಿದವರ ಕಾಯಿಲೆಯೆಂದು ತಿಳಿಯಬಾರದು. ದೇಶದಾದ್ಯಂತ ನಡೆದು 2023ರಲ್ಲಿ ಪ್ರಕಟವಾದ ಒಂದು ಸಮೀಕ್ಷೆಯ ಪ್ರಕಾರ, ಭಾರತದಲ್ಲಿ 60 ವರ್ಷ ಮೀರಿದ ನೂರು ಜನರಲ್ಲಿ ಸುಮಾರು 7 ಮಂದಿಗೆ ಡಿಮೆನ್ಷಿಯ ಇದೆ. ಅದು ಪಟ್ಟಣಗಳಿಗಿಂತ ಹಳ್ಳಿಗಳಲ್ಲಿ, ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚಾಗಿ ಕಂಡುಬಂದಿದೆ.

ಮಿದುಳಿನಲ್ಲಿ ಆಗುವುದೇನು?

1906ರಲ್ಲಿ ಜರ್ಮನಿಯ ವೈದ್ಯರಾದ ಅಲೋಯಿಸ್ ಅಲ್ಜೈಮರ್ ಅವರು, ಮರೆವಿನಿಂದ ಬಳಲಿ ತೀರಿಕೊಂಡ ಒಬ್ಬ ಮಹಿಳೆಯ ಮಿದುಳನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ ಕಂಡುದನ್ನು ವೈದ್ಯರ ಸಭೆಯಲ್ಲಿ ವಿವರಿಸಿದರು. ನರಕೋಶಗಳ ನಡುವೆ ಕಸದಂತಹ ಗಂಟುಗಳೂ, ಕೋಶಗಳ ಒಳಗೆ ಸಿಕ್ಕುಗಟ್ಟಿದ ನೂಲಿನಂತಹ ಎಳೆಗಳೂ ಅದರಲ್ಲಿದ್ದವು. ಮೊದಲನೆಯದು ಅಮೈಲಾಯ್ಡ್ ಎಂಬ ಪ್ರೋಟೀನಿನಿಂದಲೂ, ಎರಡನೆಯದು ಟಾವ್ ಎಂಬ ಪ್ರೋಟೀನಿನಿಂದಲೂ ಆದುದೆಂದು ಈಗ ತಿಳಿದಿದೆ. ಇವು ಶೇಖರವಾದಂತೆ ನರಕೋಶಗಳು ಸಾಯುತ್ತವೆ, ಮಿದುಳು ಕುಗ್ಗುತ್ತದೆ.

ಈ ಕುಗ್ಗುವಿಕೆಯು ಸಾಮಾನ್ಯವಾಗಿ ಹಿಪೊಕ್ಯಾಂಪಸ್ ಎಂಬ ಭಾಗದಲ್ಲಿ ಮೊದಲಿಗೇ ಕಾಣಿಸಿಕೊಳ್ಳುತ್ತದೆ. ಕಿರುಬೆರಳಿನಷ್ಟಿರುವ ಈ ಭಾಗವು ಎರಡೂ ಕಿವಿಗಳ ಒಳಬದಿಗೆ, ಮಿದುಳಿನ ಆಳದಲ್ಲಿದೆ. ಹಿಂದಿನ ಕಾಲದ ಶಾನುಭೋಗರು ಊರಿನ ಹೊಸ ಸಂಗತಿಗಳನ್ನು ದಫ್ತರದಲ್ಲಿ ಬರೆದಿಡುತ್ತಿದ್ದಂತೆ, ಹೊಸ ನೆನಪುಗಳನ್ನು ದಾಖಲಿಸುವುದು ಇದರ ಕೆಲಸ. ಬರೆಯುವವರು ಇಲ್ಲವಾದರೆ ಹಳೆಯ ದಫ್ತರ ಉಳಿಯುತ್ತದೆ, ಹೊಸದು ದಾಖಲಾಗುವುದಿಲ್ಲ. ಆದುದರಿಂದಲೇ ಈ ಕಾಯಿಲೆಯುಳ್ಳವರು ತಮ್ಮ ಮದುವೆಯ ದಿನವನ್ನು ಚೆನ್ನಾಗಿ ವರ್ಣಿಸುತ್ತಾರೆ, ಆದರೆ ಬೆಳಗಿನ ಊಟವನ್ನು ಮರೆಯುತ್ತಾರೆ. ಇದು ಸುಳ್ಳೂ ಅಲ್ಲ, ಹಟವೂ ಅಲ್ಲ.

ಇನ್ನೊಂದು ಮುಖ್ಯ ಸಂಗತಿಯಿದೆ. ಮಿದುಳಿನೊಳಗಿನ ಈ ಬದಲಾವಣೆಗಳು ಮರೆವು ಕಾಣಿಸಿಕೊಳ್ಳುವುದಕ್ಕೆ 15ರಿಂದ 20 ವರ್ಷ ಮೊದಲೇ ಆರಂಭವಾಗಿರುತ್ತವೆ. ಆದುದರಿಂದ 70ನೆಯ ವಯಸ್ಸಿನ ಮರೆವಿನ ಬೇರು 50ನೆಯ ವಯಸ್ಸಿನಲ್ಲಿರಬಹುದು.

ಚಿತ್ರ ತೆಗೆಯುವ ಮೂರು ವಿಧಾನಗಳು

(1) ಸಿ.ಟಿ. ಸ್ಕ್ಯಾನ್: ಎಕ್ಸ್‌ರೇ ಕಿರಣಗಳಿಂದ ತಲೆಯ ಅಡ್ಡಪದರಗಳ ಚಿತ್ರವನ್ನು ತೆಗೆಯುವ ವಿಧಾನ. ಕೆಲವೇ ನಿಮಿಷಗಳಲ್ಲಿ ಮುಗಿಯುತ್ತದೆ. ರಕ್ತಸ್ರಾವ, ದೊಡ್ಡ ಗೆಡ್ಡೆ, ನೀರು ತುಂಬಿಕೊಂಡಿರುವುದು ಇದರಲ್ಲಿ ಕಾಣುತ್ತವೆ.

(2) ಎಂ.ಆರ್.ಐ. ಸ್ಕ್ಯಾನ್: ಪ್ರಬಲವಾದ ಅಯಸ್ಕಾಂತ ಮತ್ತು ರೇಡಿಯೋ ತರಂಗಗಳಿಂದ ತೆಗೆಯುವ ಚಿತ್ರ. ಇದರಲ್ಲಿ ಎಕ್ಸ್‌ರೇ ಕಿರಣಗಳಿಲ್ಲ. ಸುಮಾರು ಅರ್ಧ ಗಂಟೆ ಅಲುಗಾಡದೆ ಮಲಗಿರಬೇಕು, ಯಂತ್ರದ ಸದ್ದು ಬಹಳ ಜೋರಾಗಿರುತ್ತದೆ. ತಾಳಿ, ಕಾಲುಂಗುರ, ಬಳೆ, ಉಡುದಾರ ಮುಂತಾದ ಲೋಹದ ವಸ್ತುಗಳನ್ನು ತೆಗೆದಿಡಬೇಕು. ಹೃದಯಕ್ಕೆ ಪೇಸ್‌ಮೇಕರ್ ಹಾಕಿಸಿದ್ದರೆ ಅಥವಾ ಮೈಯೊಳಗೆ ಲೋಹದ ಚೂರಿದ್ದರೆ ಮೊದಲೇ ತಿಳಿಸತಕ್ಕದ್ದು. ಮಿದುಳಿನ ಯಾವ ಭಾಗ ಎಷ್ಟು ಕುಗ್ಗಿದೆಯೆಂದು ಇದರಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

(3) ಪೆಟ್ ಸ್ಕ್ಯಾನ್: ಅತ್ಯಲ್ಪ ಪ್ರಮಾಣದ ವಿಕಿರಣಶೀಲ ದ್ರವವನ್ನು ರಕ್ತನಾಳಕ್ಕೆ ಚುಚ್ಚಿ, ಮಿದುಳು ಸಕ್ಕರೆಯನ್ನು ಹೇಗೆ ಬಳಸುತ್ತಿದೆ ಅಥವಾ ಅಮೈಲಾಯ್ಡ್ ಎಲ್ಲಿ ಸೇರಿಕೊಂಡಿದೆ ಎಂಬುದನ್ನು ನೋಡುವ ವಿಧಾನ. ಜೀವಂತ ಮನುಷ್ಯರ ಮಿದುಳಿನಲ್ಲಿರುವ ಅಮೈಲಾಯ್ಡನ್ನು ಹೀಗೆ ಚಿತ್ರಿಸಿದ ಮೊದಲ ವರದಿಗಳಲ್ಲೊಂದು 2004ರಲ್ಲಿ ಪ್ರಕಟವಾಯಿತು. ಇದು ದುಬಾರಿ ಪರೀಕ್ಷೆ, ದೊಡ್ಡ ನಗರಗಳಲ್ಲಿ ಮಾತ್ರ ದೊರೆಯುತ್ತದೆ.

ಚಿತ್ರವು ಭವಿಷ್ಯ ಹೇಳಬಲ್ಲದೆ?

ಈಗ ನಿಮ್ಮ ಪ್ರಶ್ನೆಗೆ ಬರೋಣ. ಆರೋಗ್ಯವಂತ ವೃದ್ಧರಲ್ಲಿ ಹಿಪೊಕ್ಯಾಂಪಸ್ ವರ್ಷಕ್ಕೆ ಸುಮಾರು ನೂರಕ್ಕೆ ಒಂದರಿಂದ ಒಂದೂವರೆ ಪಾಲು ಕುಗ್ಗುತ್ತದೆ. ಅಲ್ಜೈಮರ್ ಕಾಯಿಲೆಯಲ್ಲಿ ಇದು ಮೂರರಿಂದ ಐದು ಪಾಲಿನಷ್ಟಿರುತ್ತದೆ. ಅಲ್ಪ ಮರೆವಿರುವವರನ್ನು ಎರಡು ಗುಂಪು ಮಾಡಿ ಹಲವು ವರ್ಷ ಗಮನಿಸಿದಾಗ, ಈ ಭಾಗವು ಹೆಚ್ಚು ಕುಗ್ಗಿದ್ದ ಗುಂಪಿನಲ್ಲಿ ಕಾಯಿಲೆಯು ಮುಂದುವರಿದವರ ಸಂಖ್ಯೆ ಹೆಚ್ಚಾಗಿರುವುದು ಕಂಡಿದೆ. ಒಂದು ವರ್ಷದ ಅಂತರದಲ್ಲಿ ತೆಗೆದ ಎರಡು ಚಿತ್ರಗಳನ್ನು ಹೋಲಿಸಿದರೆ ಅಂದಾಜು ಇನ್ನೂ ಉತ್ತಮವಾಗುತ್ತದೆ. ಕಂಪ್ಯೂಟರಿನ ನೆರವಿನಿಂದ ಸಾವಿರಾರು ಚಿತ್ರಗಳನ್ನು ಅಳೆಯುವ ಕೆಲಸವೂ ನಡೆಯುತ್ತಿದೆ.

ಆದರೆ ಗುಂಪಿಗೆ ಅನ್ವಯಿಸುವ ಮಾತು ಒಬ್ಬ ವ್ಯಕ್ತಿಗೆ ಹಾಗೆಯೇ ಅನ್ವಯಿಸುವುದಿಲ್ಲ. ಜಿಲ್ಲೆಯಲ್ಲಿ ಮಳೆಯಾಗುವ ಸಂಭವವಿದೆಯೆಂದು ರೇಡಿಯೋದಲ್ಲಿ ಹೇಳುತ್ತಾರೆ. ಅದು ನಿಜವೂ ಆಗುತ್ತದೆ. ಆದರೆ ಹಡಗಲಿಯಲ್ಲಿ ಸುರಿದ ಮಳೆ ನಿಮ್ಮ ಕೂಡ್ಲಿಗಿಯ ಶೇಂಗಾ ಹೊಲಕ್ಕೆ ಬೀಳದೆ ಹೋಗಬಹುದು. ಮಿದುಳಿನ ಚಿತ್ರದ ಮುನ್ಸೂಚನೆಯೂ ಇದೇ ಬಗೆಯದು. ಅಮೈಲಾಯ್ಡ್ ತುಂಬಿದ ಮಿದುಳುಳ್ಳ ಎಷ್ಟೋ ಹಿರಿಯರು ಕೊನೆಯವರೆಗೂ ಸ್ಪಷ್ಟ ಬುದ್ಧಿಯಿಂದಲೇ ಬಾಳುತ್ತಾರೆ. ಅಲ್ಪ ಮರೆವಿರುವವರಲ್ಲಿ ಕೆಲವರಿಗೆ ಕಾಯಿಲೆ ಬಲಿಯುತ್ತದೆ, ಕೆಲವರು ಇದ್ದಂತೆಯೇ ಉಳಿಯುತ್ತಾರೆ, ಕೆಲವರು ಸುಧಾರಿಸುವುದೂ ಉಂಟು. ಚಿತ್ರವು ಮಿದುಳಿನ ಇಂದಿನ ಆಕಾರವನ್ನು ತೋರಿಸುತ್ತದೆ. "ಇನ್ನು ಎರಡು ವರ್ಷಕ್ಕೆ ಮಕ್ಕಳನ್ನೂ ಗುರುತಿಸುವುದಿಲ್ಲ" ಎಂದು ಚಿತ್ರವನ್ನು ಮಾತ್ರ ನೋಡಿ ಯಾರಾದರೂ ಹೇಳಿದರೆ ನಂಬಬೇಡಿ.

ಶ್ರೀನಿವಾಸಪುರದ ಹಳ್ಳಿಗಳಲ್ಲಿ ನಡೆಯುತ್ತಿರುವ ಕೆಲಸ

ಈ ವಿಷಯದ ಚಿತ್ರಗಳಲ್ಲಿ ಬಹುಪಾಲು ಅಮೆರಿಕ ಮತ್ತು ಯುರೋಪಿನ, ಶಾಲೆ ಕಲಿತ ಜನರವು. ಬಿಸಿಲಿನಲ್ಲಿ ದುಡಿದ, ಅಕ್ಷರ ಕಲಿಯದ, ಜೋಳ ರಾಗಿ ಉಂಡು ಬೆಳೆದ ನಮ್ಮ ರೈತರ ಮಿದುಳಿಗೂ ಅದೇ ಅಳತೆ ಹೊಂದುವುದೆಂದು ಹೇಳಲಾಗದು. ಇದನ್ನರಿತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿರುವ ಮಿದುಳು ಸಂಶೋಧನಾ ಕೇಂದ್ರವು 2018ರಲ್ಲಿ ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನಲ್ಲಿ ಒಂದು ದೀರ್ಘ ಅಧ್ಯಯನವನ್ನು ಕೈಗೊಂಡಿತು. 45 ವರ್ಷ ಮೀರಿದ 10,000 ಮಂದಿ ಗ್ರಾಮಸ್ಥರನ್ನು ಸೇರಿಸಿಕೊಂಡು ವರ್ಷಾನುವರ್ಷ ಗಮನಿಸುವುದು ಇದರ ಗುರಿ. ನೆನಪಿನ ಪರೀಕ್ಷೆ, ರಕ್ತ ಪರೀಕ್ಷೆ, ಆಹಾರ ಮತ್ತು ನಡೆನುಡಿಗಳ ವಿವರ, ಮಿದುಳಿನ ಎಂ.ಆರ್.ಐ. ಚಿತ್ರ, ಇವೆಲ್ಲವನ್ನೂ ಕೂಡಿಸಿ ನೋಡಲಾಗುತ್ತದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ತಜ್ಞರು ಭಾರತೀಯರ ಮಿದುಳಿನ ಮಾದರಿ ನಕ್ಷೆಗಳನ್ನು ಸಿದ್ಧಪಡಿಸಿ ಪ್ರಕಟಿಸಿದ್ದಾರೆ. ಅಕ್ಷರಸ್ಥರಲ್ಲದವರಿಗೂ ಹೊಂದುವ ನೆನಪಿನ ಪರೀಕ್ಷೆಗಳು ಕನ್ನಡದಲ್ಲಿಯೂ ರೂಪುಗೊಂಡಿವೆ.

ಗಮನಿಸಿರಿ: ಈ ತಜ್ಞರು ಒಂದು ಚಿತ್ರವನ್ನು ಮಾತ್ರ ನಂಬಿ ತೀರ್ಮಾನಿಸುವುದಿಲ್ಲ. ಮನುಷ್ಯನ ಸಕ್ಕರೆ, ರಕ್ತದೊತ್ತಡ, ಕೊಬ್ಬು, ಕಿವಿ, ನಿದ್ರೆ, ಮನೆಯ ಸ್ಥಿತಿ ಎಲ್ಲವನ್ನೂ ವಿಚಾರಿಸುತ್ತಾರೆ. ನಾವೂ ಹಾಗೆಯೇ ಮಾಡಬೇಕು.

ಚಿತ್ರದ ನಿಜವಾದ ಉಪಯೋಗ

ಹಾಗಾದರೆ ಸ್ಕ್ಯಾನ್ ಬೇಡವೇ? ಬೇಕು. ಆದರೆ ಅದರ ಮೊದಲ ಉಪಯೋಗ ಗುಣಪಡಿಸಬಹುದಾದ ಕಾರಣವನ್ನು ಹುಡುಕುವುದು. ಒಂದು ಉದಾಹರಣೆ ಕೊಡುತ್ತೇನೆ. ವಯಸ್ಸಾದವರು ಬಚ್ಚಲಲ್ಲಿ ಜಾರಿ ಅಥವಾ ಮೋಟಾರು ಸೈಕಲ್ಲಿನ ಹಿಂಬದಿಯಿಂದ ಬಿದ್ದು ತಲೆಗೆ ಪೆಟ್ಟು ಮಾಡಿಕೊಳ್ಳುತ್ತಾರೆ. ಗಾಯವೇನೂ ಕಾಣುವುದಿಲ್ಲ, ಮನೆಯವರು ಮರೆತುಬಿಡುತ್ತಾರೆ. ಮೂರು ನಾಲ್ಕು ವಾರಗಳ ಮೇಲೆ ಮಂಕು, ಮರೆವು, ತೂಕಡಿಕೆ, ನಡಿಗೆಯಲ್ಲಿ ತಡವರಿಕೆ ಶುರುವಾಗುತ್ತದೆ. ತಲೆಬುರುಡೆಯ ಒಳಗೆ ರಕ್ತವು ನಿಧಾನವಾಗಿ ಸೋರಿ ಮಿದುಳನ್ನು ಒತ್ತುತ್ತಿರುತ್ತದೆ. ಒಂದು ಸಿ.ಟಿ. ಚಿತ್ರದಲ್ಲಿ ಇದು ಕಾಣುತ್ತದೆ. ಸಣ್ಣ ರಂಧ್ರದ ಮೂಲಕ ರಕ್ತವನ್ನು ಹೊರತೆಗೆದರೆ ಬಹುಮಂದಿ ಮೊದಲಿನಂತಾಗುತ್ತಾರೆ. ಇಂತಹವರನ್ನು ಅರಳುಮರಳೆಂದು ಮೂಲೆಯಲ್ಲಿ ಮಲಗಿಸಿದರೆ ಪ್ರಾಣವೇ ಹೋಗಬಹುದು.

ಚಿತ್ರದ ಇನ್ನೊಂದು ಉಪಯೋಗವಿದೆ. ಬಹುಕಾಲ ರಕ್ತದೊತ್ತಡವನ್ನು ಹತೋಟಿಯಲ್ಲಿಡದವರ ಎಂ.ಆರ್.ಐ.ಯಲ್ಲಿ ಸಣ್ಣ ರಕ್ತನಾಳಗಳು ಹಾಳಾದ ಗುರುತಾಗಿ ಬಿಳಿಯ ಮಚ್ಚೆಗಳು ಕಾಣುತ್ತವೆ. ಹಲವರಲ್ಲಿ ಅಲ್ಜೈಮರ್ ಕಾಯಿಲೆಯೂ ರಕ್ತನಾಳದ ಕಾಯಿಲೆಯೂ ಒಟ್ಟಿಗೆ ಇರುತ್ತವೆ. ಎರಡನೆಯದು ಮುಂದುವರಿಯದಂತೆ ತಡೆಯುವ ಮಾತ್ರೆ ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿಯೇ ದೊರೆಯುತ್ತದೆ.

ಯಾವ ಕ್ರಮದಲ್ಲಿ ಮುಂದುವರಿಯಬೇಕು?

(1) ಮೊದಲು ಹತ್ತಿರದ ಆರೋಗ್ಯ ಕೇಂದ್ರಕ್ಕೆ ಹಿರಿಯರನ್ನು ಕರೆತನ್ನಿ. ರಕ್ತದೊತ್ತಡ, ಸಕ್ಕರೆ, ರಕ್ತಹೀನತೆ, ಥೈರಾಯ್ಡ್, ಬಿ-12 ಜೀವಸತ್ವ, ಇವುಗಳನ್ನು ಪರೀಕ್ಷಿಸಬೇಕು. ಥೈರಾಯ್ಡ್ ಕೊರತೆಯಿಂದಲೂ, ಬಿ-12 ಕೊರತೆಯಿಂದಲೂ ಮರೆವು ಬರುತ್ತದೆ. ಮಾಂಸ ಮೊಟ್ಟೆ ತಿನ್ನದವರಲ್ಲಿ, ಹಾಲು ಮೊಸರನ್ನೂ ಸಾಕಷ್ಟು ಸೇವಿಸದವರಲ್ಲಿ ಬಿ-12 ಕೊರತೆ ಸಾಮಾನ್ಯ. ಇವೆರಡಕ್ಕೂ ಸುಲಭ ಚಿಕಿತ್ಸೆಯಿದೆ.

(2) ಕಿವಿ ಮತ್ತು ಕಣ್ಣನ್ನು ಪರೀಕ್ಷಿಸಿರಿ. ಕೇಳದವರು ಉತ್ತರಿಸುವುದಿಲ್ಲ, ನಾವು ಅದನ್ನು ಮರೆವೆನ್ನುತ್ತೇವೆ.

(3) ಸಂಗಾತಿಯನ್ನು ಕಳೆದುಕೊಂಡವರಲ್ಲಿ, ಮಕ್ಕಳು ಗುಳೆ ಹೋದಾಗ ಒಂಟಿಯಾಗಿ ಉಳಿದವರಲ್ಲಿ ಖಿನ್ನತೆಯು ಮರೆವಿನ ವೇಷದಲ್ಲಿ ಬರುತ್ತದೆ. ಅದಕ್ಕೂ ಚಿಕಿತ್ಸೆಯಿದೆ.

(4) ಸೇವಿಸುತ್ತಿರುವ ಎಲ್ಲ ಮಾತ್ರೆಗಳನ್ನೂ ತಂದು ತೋರಿಸಿರಿ. ಕೆಲವು ನಿದ್ರೆಯ ಮಾತ್ರೆಗಳೂ ಅಲರ್ಜಿಯ ಮಾತ್ರೆಗಳೂ ವೃದ್ಧರಲ್ಲಿ ಮಂಕು ತರಿಸುತ್ತವೆ.

(5) ಇವುಗಳ ನಂತರ ವೈದ್ಯರು ಅಗತ್ಯವೆಂದರೆ ಮಾತ್ರ ಸ್ಕ್ಯಾನ್ ಮಾಡಿಸಿರಿ. ಬಳ್ಳಾರಿಯ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೋ, ಧಾರವಾಡದ ಡಿಮ್ಹಾನ್ಸ್ ಸಂಸ್ಥೆಗೋ, ಬೆಂಗಳೂರಿನ ನಿಮ್ಹಾನ್ಸಿಗೋ ಹೋಗುವಾಗ ವೈದ್ಯರ ಚೀಟಿಯನ್ನೂ ಪಡಿತರ ಚೀಟಿಯನ್ನೂ ಒಯ್ಯಿರಿ. ರಾಜ್ಯ ಸರ್ಕಾರವು ನಿಮ್ಹಾನ್ಸ್ ಸಹಯೋಗದಲ್ಲಿ 2022ರಲ್ಲಿ ಮಿದುಳಿನ ಆರೋಗ್ಯಕ್ಕಾಗಿಯೇ ಒಂದು ಕಾರ್ಯಕ್ರಮವನ್ನು ಆರಂಭಿಸಿದೆ. ಅದರ ಸೌಲಭ್ಯಗಳ ಬಗ್ಗೆ ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿರಿ. ಮನಸ್ಸಿನ ತೊಂದರೆಗಳಿಗೆ 14416 ಸಂಖ್ಯೆಯ ಟೆಲಿ-ಮಾನಸ್ ದೂರವಾಣಿಯಲ್ಲಿ ಉಚಿತ ಸಲಹೆ ದೊರೆಯುತ್ತದೆ.

ಮರೆವು ಕೆಲವೇ ದಿನ ಅಥವಾ ವಾರಗಳಲ್ಲಿ ಬಂದಿದ್ದರೆ, ತಲೆಗೆ ಪೆಟ್ಟು ಬಿದ್ದ ಮೇಲೆ ಶುರುವಾಗಿದ್ದರೆ, ತೀವ್ರ ತಲೆನೋವು, ವಾಂತಿ, ಜ್ವರ, ಫಿಟ್ಸ್ ಅಥವಾ ಒಂದು ಕಡೆಯ ಕೈಕಾಲಿನ ನಿಶ್ಶಕ್ತಿ ಇದ್ದರೆ ತಡಮಾಡಬೇಡಿ. ಕೂಡಲೇ 108 ವಾಹನವನ್ನು ಕರೆಸಿ ಆಸ್ಪತ್ರೆಗೆ ಸೇರಿಸಿರಿ. ನಡಿಗೆ ಕೆಟ್ಟು, ಮೂತ್ರದ ಹಿಡಿತವೂ ತಪ್ಪಿ, ಜೊತೆಗೆ ಮರೆವೂ ಕಾಣಿಸಿಕೊಂಡಿದ್ದರೆ ಮಿದುಳಿನಲ್ಲಿ ನೀರು ಹೆಚ್ಚಾಗಿರಬಹುದು. ಅದನ್ನೂ ಶಸ್ತ್ರಚಿಕಿತ್ಸೆಯಿಂದ ಸರಿಪಡಿಸುವ ಸಾಧ್ಯತೆಯಿದೆ.

ಅಲ್ಜೈಮರ್ ಕಾಯಿಲೆಯನ್ನು ಪೂರ್ತಿಯಾಗಿ ಗುಣಪಡಿಸುವ ಔಷಧ ಇಲ್ಲ. ಈಗ ದೊರೆಯುವ ಮಾತ್ರೆಗಳಿಂದ ಕೆಲವರಿಗೆ ಕೆಲಕಾಲ ಅಲ್ಪ ಪ್ರಯೋಜನವಾಗುತ್ತದೆ. ಅಮೈಲಾಯ್ಡನ್ನು ತೆಗೆಯುವ ಹೊಸ ಚುಚ್ಚುಮದ್ದುಗಳಿಗೆ ಅಮೆರಿಕದಲ್ಲಿ 2023 ಮತ್ತು 2024ರಲ್ಲಿ ಪೂರ್ಣ ಅನುಮತಿ ದೊರೆತಿದೆ. ಅವು ಆರಂಭದ ಹಂತದಲ್ಲಿ ಮಾತ್ರ, ಕಾಯಿಲೆಯ ವೇಗವನ್ನು ಸ್ವಲ್ಪ ತಗ್ಗಿಸುತ್ತವೆ. ಮಿದುಳಿನಲ್ಲಿ ಊತ ಮತ್ತು ರಕ್ತಸ್ರಾವದ ಅಪಾಯವಿರುವುದರಿಂದ ಮತ್ತೆ ಮತ್ತೆ ಎಂ.ಆರ್.ಐ. ಮಾಡಿಸಬೇಕಾಗುತ್ತದೆ. ನೆನಪು ಮರಳಿಸುತ್ತೇವೆಂದು ಜಾಹೀರಾತು ನೀಡುವವರಿಗೆ ಹಣ ಕಟ್ಟಿ ಮೋಸಹೋಗಬಾರದು.

ವೈದ್ಯರಿಗೆ ನೀವು ಕೊಡಬಹುದಾದ ಚಿತ್ರ

ಯಂತ್ರವು ತೆಗೆಯಲಾರದ ಒಂದು ಚಿತ್ರವು ನಿಮ್ಮ ಬಳಿಯಿದೆ. ಅದು ಹಿರಿಯರನ್ನು ದಿನವೂ ಕಂಡ ನಿಮ್ಮ ನೆನಪು. ತಜ್ಞರು ಎರಡು ಚಿತ್ರಗಳನ್ನು ಹೋಲಿಸುವಂತೆ ನೀವೂ ಎರಡು ಕಾಲಗಳನ್ನು ಹೋಲಿಸಿರಿ. ಹೋದ ವರ್ಷ ಕೊಟ್ಟೂರು ತೇರಿನ ಹೊತ್ತಿಗೆ ಮಾವನವರು ಒಬ್ಬರೇ ಬಸ್ಸು ಹತ್ತಿ ಹೋಗಿಬಂದಿದ್ದರೇ? ಈ ವರ್ಷ ಹೋಗಬಲ್ಲರೇ? ಯುಗಾದಿಯಲ್ಲಿ ಅತ್ತೆಯವರು ಹೋಳಿಗೆ ಮಾಡಿದ್ದರೇ? ದಸರೆಯ ವೇಳೆಗೆ ಹೂರಣ ರುಬ್ಬುವುದನ್ನು ಮರೆತರೇ? ಇಂತಹ ಸಂಗತಿಗಳನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡು ಬನ್ನಿರಿ. ಕಾಯಿಲೆಯು ಯಾವ ವೇಗದಲ್ಲಿ ಸಾಗುತ್ತಿದೆಯೆಂಬುದನ್ನು ಅರಿಯಲು ವೈದ್ಯರಿಗೆ ಇದು ಬಹಳ ನೆರವಾಗುತ್ತದೆ, ಇದಕ್ಕೆ ಕಾಸೂ ಖರ್ಚಿಲ್ಲ.

ಗಂಡಹೆಂಡಿರಲ್ಲಿ ಮನಸ್ತಾಪ ಬಾರದಿರಲಿ

ಈ ಕಾಯಿಲೆಯು ರೋಗಿಯೊಬ್ಬರನ್ನೇ ಕಾಡುವುದಿಲ್ಲ. "ಸೊಸೆ ನನ್ನ ಬೋರಮಾಳ ಕದ್ದಳು", "ಎರಡು ದಿನದಿಂದ ಅನ್ನ ಹಾಕಿಲ್ಲ" ಎಂದು ಅತ್ತೆಯವರು ಕಟ್ಟೆಯ ಮೇಲೆ ಕುಳಿತು ಓಣಿಯವರಿಗೆ ಹೇಳುತ್ತಾರೆ. ಸರ ಅವರೇ ಇಟ್ಟ ಟ್ರಂಕಿನ ತಳದಲ್ಲಿರುತ್ತದೆ. ಮಗ ತಾಯಿಯ ಮಾತನ್ನು ನಂಬಿ ಹೆಂಡತಿಯ ಮೇಲೆ ಕೈಮಾಡುತ್ತಾನೆ, ಸೊಸೆ ತವರಿಗೆ ಹೊರಡುತ್ತಾಳೆ. ಇದನ್ನು ಓದುತ್ತಿರುವ ಗಂಡಂದಿರಿಗೆ ವಿಶೇಷವಾಗಿ ಹೇಳಬೇಕಾಗಿದೆ: ಆ ಮಾತನ್ನು ಆಡಿಸುತ್ತಿರುವುದು ಕಾಯಿಲೆ. ತಾಯಿ ಸುಳ್ಳುಗಾರ್ತಿಯಲ್ಲ, ಹೆಂಡತಿ ಕಳ್ಳಿಯಲ್ಲ. ದೂರು ಕೇಳಿದ ಕೂಡಲೇ ವಿಚಾರಣೆಗೆ ನಿಲ್ಲದೆ, "ಹುಡುಕೋಣ ಬಾ ಅವ್ವ" ಎಂದು ಜೊತೆಯಲ್ಲಿ ಹುಡುಕಿರಿ. ಊಟ ಹಾಕಿಲ್ಲವೆಂದರೆ ವಾದಿಸದೆ ಒಂದು ತುತ್ತು ಮಜ್ಜಿಗೆಯನ್ನ ಕೊಡಿರಿ.

ಆರೈಕೆಯ ಭಾರವನ್ನು ಸೊಸೆಯೊಬ್ಬಳ ಮೇಲೆ ಹೊರಿಸುವುದು ಅನ್ಯಾಯ. ತಂದೆಗೆ ಸ್ನಾನ ಮಾಡಿಸುವುದು, ರಾತ್ರಿ ಎದ್ದು ನೋಡುವುದು ಮಗನ ಕೆಲಸವೂ ಹೌದು. ಅಣ್ಣತಮ್ಮಂದಿರು, ಹೆಣ್ಣುಮಕ್ಕಳು ಸರದಿಯಂತೆ ಹಂಚಿಕೊಳ್ಳಬೇಕು.

ಮನೆಯಲ್ಲಿ ಕೆಲವು ಎಚ್ಚರಿಕೆಗಳೂ ಅಗತ್ಯ. ಕ್ರಿಮಿನಾಶಕದ ಬಾಟಲಿಗಳನ್ನು ಬೀಗ ಹಾಕಿಡಿ. ಬಾವಿ, ಕೃಷಿಹೊಂಡ, ಪಂಪ್‌ಸೆಟ್ಟಿನ ಸ್ಟಾರ್ಟರ್, ಅಡುಗೆ ಅನಿಲ ಇವುಗಳ ಬಳಿ ಒಬ್ಬರನ್ನೇ ಬಿಡಬೇಡಿ. ಮೈಲಾರದ ಜಾತ್ರೆಗೋ ಕೊಟ್ಟೂರಿನ ತೇರಿಗೋ ಕರೆದೊಯ್ಯುವಾಗ ಹೆಸರು, ಊರು, ದೂರವಾಣಿ ಸಂಖ್ಯೆ ಬರೆದ ಚೀಟಿಯನ್ನು ಅಂಗಿಯ ಒಳಜೇಬಿನಲ್ಲಿ ಹೊಲಿದಿಡಿರಿ. ತಿಳಿವಳಿಕೆ ಪೂರ್ತಿ ಕುಗ್ಗಿದವರಿಂದ ಜಮೀನಿನ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಳ್ಳುವುದು ಪಾಪವೂ ಹೌದು, ಮುಂದೆ ವ್ಯಾಜ್ಯಕ್ಕೂ ದಾರಿ. ಕಾಯಿಲೆಯನ್ನು ಬೇಗ ಗುರುತಿಸಿದರೆ ಹಿರಿಯರು ತಮ್ಮ ಇಷ್ಟವನ್ನು ತಮ್ಮ ಬಾಯಿಂದಲೇ ಹೇಳಲು ಅವಕಾಶ ದೊರೆಯುತ್ತದೆ.

ನಿಮ್ಮ ಸರದಿ ಬರುವ ಮುನ್ನ

ಬದಲಾಯಿಸಬಹುದಾದ 14 ಕಾರಣಗಳನ್ನು ಸರಿಪಡಿಸಿದರೆ, ಜಗತ್ತಿನ ಡಿಮೆನ್ಷಿಯ ಪ್ರಕರಣಗಳಲ್ಲಿ ಸುಮಾರು ನೂರಕ್ಕೆ 45ರಷ್ಟನ್ನು ತಡೆಯಲು ಅಥವಾ ಮುಂದೂಡಲು ಸಾಧ್ಯವೆಂದು ಅಂತರರಾಷ್ಟ್ರೀಯ ತಜ್ಞರ ತಂಡವೊಂದು 2024ರಲ್ಲಿ ಅಂದಾಜು ಮಾಡಿದೆ. ಅವುಗಳಲ್ಲಿ ಬಹುಪಾಲು ನಡುವಯಸ್ಸಿನ ದಂಪತಿಗಳ ಕೈಯಲ್ಲಿರುವುವೇ ಆಗಿವೆ. ರಕ್ತದೊತ್ತಡ ಮತ್ತು ಸಕ್ಕರೆಯನ್ನು ಪರೀಕ್ಷಿಸಿಕೊಂಡು ಹತೋಟಿಯಲ್ಲಿಡಿ. ಬೀಡಿ ಸಿಗರೇಟು ಬಿಡಿ, ಮದ್ಯದಿಂದ ದೂರವಿರಿ. ವಾಹನದಲ್ಲಿ ಹೋಗುವಾಗ ಇಬ್ಬರೂ ಹೆಲ್ಮೆಟ್ ಧರಿಸಿರಿ. ಕಿವಿ ಮಂದವಾದರೆ ಸಾಧನ ಹಾಕಿಸಿ, ಕಣ್ಣಿನ ಪೊರೆ ತೆಗೆಸಿ. ಹೊಗೆಯ ಒಲೆಯನ್ನು ತಪ್ಪಿಸಿ. ದಿನವೂ ನಡೆಯಿರಿ, ನಾಲ್ಕು ಜನರೊಡನೆ ಬೆರೆಯಿರಿ. ಹೆಣ್ಣುಮಕ್ಕಳನ್ನು ಶಾಲೆ ಬಿಡಿಸಬೇಡಿ. ಬಾಲ್ಯದಲ್ಲಿ ಕಲಿತ ವಿದ್ಯೆಯು ಮುಪ್ಪಿನಲ್ಲಿ ಮಿದುಳಿಗೆ ಆಸರೆಯಾಗುತ್ತದೆ.

ದಂಪತಿಗಳೇ, ಮುಂದಿನದನ್ನು ತಿಳಿಯುವ ಆತುರದಲ್ಲಿ ಎಮ್ಮೆಯನ್ನು ಮಾರಬೇಡಿ. ಅರಳುಮರಳೆಂದು ಹೆತ್ತವರನ್ನು ಮೂಲೆಗೂ ತಳ್ಳಬೇಡಿ. ನಾಳೆಯೇ ಅವರನ್ನು ಹತ್ತಿರದ ಆರೋಗ್ಯ ಕೇಂದ್ರಕ್ಕೆ ಕರೆತನ್ನಿರಿ. ಹಾಗೆಯೇ ನಿಮ್ಮಿಬ್ಬರ ರಕ್ತದೊತ್ತಡವನ್ನೂ ಅದೇ ದಿನ ಪರೀಕ್ಷಿಸಿಕೊಳ್ಳಿರಿ.